ಅರ್ಧ ಕೊಯ್ದ ದಿಮ್ಮಿ

ಹಳಿಯಾಳದ ನಮ್ಮ ಮನೆಗೆ ಹೊಸ ಬಾಗಿಲು ಮಾಡಿಸಬೇಕೆಂದು ಮೊಮ್ಮಗ ಕಳೆದ ವಾರ ನನ್ನನ್ನೂ ಮರ ಕೊಯ್ಯುವ ಮಿಲ್ಲಿಗೆ ಕರೆದುಕೊಂಡು ಹೋದ. ಮರದ ವಿಷಯದಲ್ಲಿ ಅಜ್ಜಿಗೆ ಗೊತ್ತಿರುವಷ್ಟು ಮಿಲ್ಲಿನವರಿಗೂ ಗೊತ್ತಿಲ್ಲ ಎಂದು ಅವನ ನಂಬಿಕೆ. ಅದೇನೂ ಸುಳ್ಳಲ್ಲ. ಯಂತ್ರದ ಗರಗಸ ನೋಡನೋಡುತ್ತಿದ್ದಂತೆ ಸಾಗವಾನಿಯ ದಿಮ್ಮಿಯನ್ನು ಹಲಗೆ ಹಲಗೆ ಮಾಡಿ ಹಾಕಿತು. ಹಸಿ ಸಾಗವಾನಿಯ ಹೊಟ್ಟಿಗೆ ಎಣ್ಣೆ ಹಚ್ಚಿದ ಹಳೆಯ ಚರ್ಮದಂಥ ಒಂದು ವಾಸನೆ ಇದೆ. ಅದು ಮೂಗಿಗೆ ಬಡಿದದ್ದೇ ತಡ, ಹೊರಗೆ ಬಂದು ಕಲ್ಲಿನ ಮೇಲೆ ಕುಳಿತೆ. ಮೊಮ್ಮಗ ಓಡಿ ಬಂದು ಬಿಸಿಲು ತಾಗಿತೇ ಎಂದು ಕೇಳಿದ. ಬಿಸಿಲಲ್ಲ, ಕುಳಗಿ ನೆನಪಾಯಿತು ಎಂದೆ. ಅವನಿಗೆ ಏನೂ ತಿಳಿಯಲಿಲ್ಲ. ಹೇಳಿದರೆ ಅರ್ಧ ಕೇಳಿ ಎದ್ದು ಹೋಗುವ ವಯಸ್ಸು ಅವನದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಇಸ್ಬೇಲ. ಅಪ್ಪ ಹಳಿಯಾಳದ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಮಕ್ಕಳಿಗೆ ಜಪ ಕಲಿಸುತ್ತಿದ್ದ, ಹಾಗಾಗಿ ನಾಲ್ಕು ಅಕ್ಷರ ನನಗೂ ಬಂದವು. ಸಿಟ್ಟು ಮಾತ್ರ ಅವ್ವನ ಕಡೆಯಿಂದ ಬಂದದ್ದು. ಹಿಡಿದರೆ ಬಿಡದ ಹಠ ಯಾರ ಕಡೆಯಿಂದ ಬಂತೋ, ಎರಡೂ ಮನೆಯವರು ತಮ್ಮದಲ್ಲ ಎನ್ನುತ್ತಿದ್ದರು.

ಆಗ ಯುದ್ಧದ ಕಾಲ. ರೈಲುಹಳಿಯ ಕೆಳಗೆ ಹಾಕುವ ಹಲಗೆ ಎಷ್ಟು ಕೊಟ್ಟರೂ ಸಾಲದು ಎನ್ನುತ್ತಿದ್ದರು. ಮಳೆ ನಿಂತ ಕೂಡಲೇ ಹತ್ತು ಹನ್ನೆರಡು ಜೋಡಿ ಮರ ಕೊಯ್ಯುವವರು ಕುಳಗಿಯ ಕಾಡಿನಲ್ಲಿ ಹುಲ್ಲಿನ ಗುಡಿಸಲು ಹಾಕಿಕೊಂಡು ಮುಂದಿನ ಮಳೆಯವರೆಗೆ ಅಲ್ಲೇ ಇರುತ್ತಿದ್ದರು. ಕೊಯ್ದ ಹಲಗೆ ಗಾಡಿಯಲ್ಲಿ ದಾಂಡೇಲಿಗೆ ಹೋಗುತ್ತಿತ್ತು. ನಮ್ಮ ಕ್ರಿಸ್ತುವರೇ ಹೆಚ್ಚು. ಮರಾಠರು, ಸಾಬರು ಕೆಲವರು ಇದ್ದರು. ಮನೆಯೊಳಗೆ ಯಾರ ಮಾತು ಯಾವುದೇ ಇರಲಿ, ಕ್ಯಾಂಪಿನಲ್ಲಿ ಎಲ್ಲರದೂ ಕನ್ನಡ. ಮುಕಾದಮ ಜಾಕಿ ಮಾಮಾ, ನನ್ನ ಗಂಡ ಸಾಂತಾನನ ಸೋದರಮಾವ. ಕೆಲಸ ಹಂಚುವವನೂ ಅವನೇ, ಭಾನುವಾರ ಹುಲ್ಲಿನ ಇಗರ್ಜಿಯಲ್ಲಿ ಜಪ ಹೇಳಿಸುವವನೂ ಅವನೇ. ನಾನು ಎಲ್ಲರಿಗೂ ಅಡುಗೆ ಮಾಡುತ್ತಿದ್ದೆ. ಎರಡು ವರ್ಷದ ಮಗಳು ಸೆರಗು ಹಿಡಿದುಕೊಂಡು ಒಲೆಯ ಸುತ್ತ ಓಡಾಡುತ್ತಿದ್ದಳು.

ಮರ ಕೊಯ್ಯುವ ಕುಳಿ ಎಂದರೆ ಆಳುದ್ದದ ತಗ್ಗು. ಅದರ ಮೇಲೆ ಅಡ್ಡಡ್ಡ ಎರಡು ತೊಲೆ, ತೊಲೆಗಳ ಮೇಲೆ ಉದ್ದಕ್ಕೆ ದಿಮ್ಮಿ. ಒಬ್ಬ ದಿಮ್ಮಿಯ ಮೇಲೆ ನಿಲ್ಲುತ್ತಾನೆ, ಇನ್ನೊಬ್ಬ ಕುಳಿಯೊಳಗೆ. ಉದ್ದ ಗರಗಸದ ಎರಡು ತುದಿ ಇಬ್ಬರ ಕೈಯಲ್ಲಿ. ಮೇಲಿನವ ಮಸಿಯ ಗೆರೆ ನೋಡಿ ಗರಗಸ ನಡೆಸಿದರೆ ಕೆಳಗಿನವ ಎಳೆದು ಕೊಯ್ಯುತ್ತಾನೆ. ಉದುರುವ ಮರದ ಹೊಟ್ಟು ಪೂರ್ತಿ ಕೆಳಗಿನವನ ಕಣ್ಣಿಗೆ, ಬಾಯಿಗೆ. ದಿಮ್ಮಿ ಹೊರಳದಂತೆ ಎರಡೂ ಬದಿಗೆ ಬೆಣೆ ಹೊಡೆಯುವುದು ಮೇಲಿನವನ ಕೆಲಸ. ಒಂದಿಷ್ಟು ಕೊಯ್ದ ಮೇಲೆ ಬೆಣೆ ಕಿತ್ತು, ದಿಮ್ಮಿ ಸರಿಸಿ, ಮತ್ತೆ ಹೊಡೆಯಬೇಕು. ಕೆಳಗಿನವನ ಜೀವ ಮೇಲಿನವನ ಬೆಣೆಯ ಮೇಲೆ ನಿಂತಿರುತ್ತದೆ. ಅದಕ್ಕೆ ಒಳ್ಳೆಯ ಹೆಂಡತಿ ಸಿಕ್ಕಾಳು, ಒಳ್ಳೆಯ ಜೋಡಿ ಸಿಗುವುದು ಕಷ್ಟ ಎಂದು ಗಂಡಸರು ನಮ್ಮನ್ನು ರೇಗಿಸುತ್ತಿದ್ದರು. ಜೋಡಿ ಸಿಗದವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಕ್ಯಾಂಪಿನಲ್ಲಿ ಜಾಗವಿಲ್ಲ.

ಸಾಂತಾನನ ಜೋಡಿ ಇನಾಸ. ಸಾಂತಾನನಿಗೆ ರಟ್ಟೆಯ ಬಲ, ಇನಾಸನಿಗೆ ಗೆರೆ ಹಿಡಿಯುವ ಕಣ್ಣು. ಆದ್ದರಿಂದ ಯಾವಾಗಲೂ ಇನಾಸ ಮೇಲೆ, ನನ್ನ ಗಂಡ ಕೆಳಗೆ. ಇನಾಸ ನಮಗಿಂತ ನಾಲ್ಕೈದು ವರ್ಷ ಚಿಕ್ಕವನು. ಸಾಂತಾನನನ್ನು ಅಣ್ಣ ಎನ್ನುತ್ತಿದ್ದ, ನನ್ನನ್ನು ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದ. ಒಂದು ಕಾಲಕ್ಕೆ ಅವನು ಕುಡಿದು ಕುಡಿದು ಮನೆ ಹಾಳುಮಾಡಿಕೊಂಡಿದ್ದ, ಹೆಂಡತಿ ತವರಿಗೆ ಹೋಗಿ ಕುಳಿತಿದ್ದಳು. ಆ ವರ್ಷದ ತಪಸ್ಸಿನ ಕಾಲದಲ್ಲಿ, ಈಸ್ಟರಿಗೆ ಮುಂಚಿನ ನಲವತ್ತು ದಿನದಲ್ಲಿ, ಶಿಲುಬೆಯ ಮೇಲೆ ಕೈಯಿಟ್ಟು ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಎಂಟು ತಿಂಗಳು ಆಣೆ ಉಳಿಸಿಕೊಂಡಿದ್ದ.

ನಮ್ಮ ಮರ ಕೊಯ್ಯುವವರಲ್ಲಿ ಒಂದು ಪದ್ಧತಿ ಇತ್ತು. ಹೊಸ ಕುಳಿಯ ಮೇಲೆ ಮೊದಲ ದಿಮ್ಮಿ ಏರಿಸಿದ ದಿನ ಒಂದು ಹನಿ ಸಾರಾಯಿ ದಿಮ್ಮಿಗೆ, ಒಂದು ಹನಿ ಮಣ್ಣಿಗೆ, ಒಂದೊಂದು ಗುಟುಕು ಜೋಡಿಯ ಇಬ್ಬರಿಗೆ. ಮೇಲೆ ನಿಂತವನು ಕುಡಿಯದಿದ್ದರೆ ಕುಳಿ ಮುನಿದು ಕೆಳಗಿನವನನ್ನು ಇಟ್ಟುಕೊಳ್ಳುತ್ತದೆ ಎಂದು ನಂಬಿಕೆ. ಭಾನುವಾರ ಜಪ ಮಾಡುವವರೇ ಸೋಮವಾರ ಇದನ್ನೂ ಮಾಡುತ್ತಿದ್ದರು, ನಾವೇನು ಯಾರಿಗೂ ಕಡಿಮೆಯವರಲ್ಲ. ಸಾರಾಯಿ ತರುವುದು ಕೆಳಗಿನವನ ಮನೆಯ ಪಾಳಿ. ಉಳಿದ ಹೆಂಗಸರು ಔಷಧಿ ಶೀಸೆಯಷ್ಟು ತಂದು ಮುಗಿಸುತ್ತಿದ್ದರು. ನಾನು ಜಿಪುಣಿ ಎನಿಸಿಕೊಳ್ಳಬಾರದೆಂದು ಜೊಯಿಡಾ ಕಡೆಯಿಂದ ಬಂದ ಗೇರುಹಣ್ಣಿನ ಸಾರಾಯಿ ಬಾಟಲಿ ತುಂಬಾ ಒಯ್ದೆ.

ನವೆಂಬರಿನಲ್ಲಿ ನಮ್ಮ ಸತ್ತವರ ಹಬ್ಬ ಮುಗಿದು ಮೂರನೆಯ ದಿನ. ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಸಾಂತಾನ ಕುಳಿಯೊಳಗೆ ನಿಂತು ಕೈ ಉಜ್ಜಿಕೊಳ್ಳುತ್ತಿದ್ದ. ನಾನು ಬಾಟಲಿ ಮುಂದೆ ಮಾಡಿದಾಗ ಇನಾಸ ಹಿಂದೆ ಸರಿದ.

"ವೈನಿ, ನಾ ಆಣಿ ಮಾಡೇನ್ರಿ. ತುಟಿಗೆ ಹಚ್ಚಿ ಬಿಡ್ತೇನಿ, ಸಾಕಲ್ರಿ?"

"ಸಾಲೂದಿಲ್ಲ. ಕೆಳಗ ಇರಾಂವ ನನ್ನ ಗಂಡ, ನೀ ಅಲ್ಲ," ಎಂದೆ ನಾನು. ಅಷ್ಟಕ್ಕೆ ಬಿಡಲಿಲ್ಲ. "ಒಂದು ಗುಟುಕಿಗೆ ಹೆದರೂ ಗಂಡಸು ದಿಮ್ಮಿ ಮ್ಯಾಲ ಹೆಂಗ ನಿಲ್ತಾನ?"

ಆಡಬಾರದ ಮಾತು ಆಡಿಬಿಟ್ಟೆ. ಅವನು ನನ್ನ ಮುಖ ನೋಡಿದ, ಬಾಟಲಿ ತೆಗೆದುಕೊಂಡ, ಕುಡಿದ. ನಾನು ಗೆದ್ದವಳಂತೆ ಬಾಟಲಿಯನ್ನು ಅಲ್ಲೇ ಬಿಟ್ಟು ಒಲೆಯ ಕಡೆಗೆ ಹೋದೆ. ಕುಡಿತ ಬಿಟ್ಟವನಿಗೆ ಒಂದು ಗುಟುಕು ಎಂದರೆ ಏನು ಎಂದು ಗೊತ್ತಿಲ್ಲದವಳೇನಲ್ಲ ನಾನು, ನಮ್ಮ ದೊಡ್ಡಪ್ಪ ಅದರಲ್ಲೇ ಸತ್ತವನು. ಬಿಸಿಲು ಏರುವ ಹೊತ್ತಿಗೆ ಬಾಟಲಿ ಅರ್ಧವಾಗಿತ್ತು. ಬೆಣೆ ಕಿತ್ತು ದಿಮ್ಮಿ ಸರಿಸಿದ ಇನಾಸ ಒಂದು ಬದಿಯ ಬೆಣೆ ಹೊಡೆಯುವುದನ್ನೇ ಮರೆತ. ದಿಮ್ಮಿ ಹೊರಳಿತು. ಸದ್ದು ಕೇಳಿ ನಾವು ಓಡಿ ಹೋಗುವಷ್ಟರಲ್ಲಿ ಸಾಂತಾನನ ಉಸಿರು ನಿಂತಿತ್ತು.

ಇನಾಸ ದಿಮ್ಮಿಯ ಹತ್ತಿರ ನಿಂತಿದ್ದ. ಜಾಕಿ ಮಾಮಾ ಬಂದು ಅವನ ಬಾಯಿಯ ವಾಸನೆ ನೋಡಿ ಕೊಡಲಿಗೆ ಕೈ ಹಾಕಿದ. ಇಬ್ಬರು ಮಾಮಾನನ್ನು ಹಿಡಿದುಕೊಂಡರು, ಅಷ್ಟರಲ್ಲಿ ಇನಾಸ ಕಾಡು ಬಿದ್ದ. ಗೋವೆಯ ಕಡೆ ಹೋದನೆಂದು ಆಮೇಲೆ ಸುದ್ದಿ ಬಂತು. ಗಂಡನನ್ನು ಗಾಡಿಯಲ್ಲಿ ಹಳಿಯಾಳಕ್ಕೆ ತಂದು ಮಣ್ಣು ಮಾಡಿದೆವು. ಆಣೆ ಮುರಿದು ಕುಡಿದು ಸಾಂತಾನನನ್ನು ಕೊಂದ ಎಂದು ಎಲ್ಲರೂ ಇನಾಸನನ್ನು ಶಪಿಸಿದರು. ಎಲ್ಲರಿಗಿಂತ ಗಟ್ಟಿಯಾಗಿ ಶಪಿಸಿದವಳು ನಾನು. ಬಾಟಲಿ ಯಾರದು ಎಂದು ಕೇಳುವ ಗೊಡವೆಗೆ ಯಾರೂ ಹೋಗಲಿಲ್ಲ. ಪದ್ಧತಿಯ ಸಾರಾಯಿ ಒಂದು ಗುಟುಕು, ಉಳಿದದ್ದನ್ನು ಕುಡುಕ ಎಲ್ಲಿಂದಲೋ ತಂದುಕೊಂಡಿರುತ್ತಾನೆ ಎಂದೇ ಎಲ್ಲರೂ ತಿಳಿದರು. ನಾನು ಆ ಮಾತನ್ನು ತಿದ್ದಲಿಲ್ಲ.

ತಿಂಗಳ ದಿನ ಮುಗಿಸಿ ಮಗಳನ್ನು ಎತ್ತಿಕೊಂಡು ಮತ್ತೆ ಕುಳಗಿಗೆ ಬಂದೆ. ಅತ್ತೆ ಬೇಡವೆಂದು ಅತ್ತಳು. ನನ್ನ ಕೈಯಡುಗೆ ಉಂಡವರು ನನ್ನನ್ನು ಸಾಕುತ್ತಾರೆ ಎಂದು ಹೇಳಿ ಬಂದೆ. ಸಾಂತಾನ ಸತ್ತ ಕುಳಿಯ ಹತ್ತಿರ ಯಾರೂ ಹೋಗುತ್ತಿರಲಿಲ್ಲ. ಮನುಷ್ಯನನ್ನು ಕೊಂದ ದಿಮ್ಮಿಯನ್ನು ಕೊಯ್ಯಬಾರದು, ಅದು ಅಲ್ಲೇ ಕೊಳೆಯಬೇಕು ಎಂಬುದು ಇನ್ನೊಂದು ಪದ್ಧತಿ. ದಿಮ್ಮಿಯನ್ನು ತೊಲೆಗಳ ಮೇಲೆ ಎತ್ತಿಟ್ಟು ಹಾಗೇ ಬಿಟ್ಟಿದ್ದರು. ಅರ್ಧಕ್ಕೆ ನಿಂತ ಗರಗಸದ ಸೀಳು ಅದರ ಮೇಲೆ ಕಾಣುತ್ತಿತ್ತು. ನೀರಿಗೆ ಹೋಗುವ ದಾರಿ ಅದರ ಪಕ್ಕದಲ್ಲೇ. ನಾನು ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಕ್ರಿಸ್ಮಸ್ಸು ಕಳೆಯಿತು. ಚಳಿ ಕಳೆದು ಮುತ್ತುಗದ ಎಲೆ ಉದುರಿ ಕೆಂಪು ಹೂ ಬಿಟ್ಟಿತು. ತಪಸ್ಸಿನ ಕಾಲ ಶುರುವಾದ ಬುಧವಾರ ಹಣೆಗೆ ಬೂದಿ ಹಚ್ಚಿಕೊಂಡು ನಾವೆಲ್ಲ ಇಗರ್ಜಿಯಿಂದ ಹೊರಬಂದರೆ ಇನಾಸ ಹುಣಸೆ ಮರದ ಕೆಳಗೆ ನಿಂತಿದ್ದ. ಮೈ ಇಳಿದು ಗೂಟದಂತಾಗಿದ್ದ, ಅಂಗಿ ಹರಿದಿತ್ತು. ಓಡಿಹೋದ ಜಾಗಕ್ಕೆ ತಾನಾಗಿ ಬಂದವನನ್ನು ಹೊಡೆಯುವುದಕ್ಕೂ ಯಾರಿಗೂ ಕೈ ಬರಲಿಲ್ಲ. ಅವನು ಜಾಕಿ ಮಾಮಾನ ಕಾಲು ಮುಟ್ಟಲು ಬಗ್ಗಿದ. ಮಾಮಾ ಕಾಲು ಹಿಂದೆ ತೆಗೆದುಕೊಂಡ.

ಅವನು ಕೇಳಿದ್ದು ಇಷ್ಟೇ. ಹೆಂಡತಿ ಮತ್ತೆ ಒಳಗೆ ಕರೆದುಕೊಂಡಿಲ್ಲ. ಬಿದ್ದ ಜಾಗದಲ್ಲೇ ಎದ್ದು ನಿಂತು ಬಾ, ಆಮೇಲೆ ನೋಡೋಣ ಎಂದಿದ್ದಾಳೆ. ತನಗೆ ಒಂದು ಜೋಡಿ ಕೊಡಬೇಕು, ಕುಳಿಯಲ್ಲಿ ಕೆಳಗೇ ಇರುತ್ತೇನೆ, ಇಗರ್ಜಿಯಲ್ಲಿ ಹಿಂದೆ ಒಂದು ಮೂಲೆ ಕೊಟ್ಟರೆ ಸಾಕು.

ಜಾಕಿ ಮಾಮಾ ಆಗ ಎಲ್ಲರ ಮುಂದೆ ಕೇಳಿದ: "ಆಣಿ ಮಾಡಿದಾಂವಗ ಸಾರಾಯಿ ಯಾರು ಕೊಟ್ರು?"

ಇನಾಸ ನನ್ನ ಕಡೆ ನೋಡಲೂ ಇಲ್ಲ.

"ಯಾರೂ ಕೊಡಲಿಲ್ರಿ. ನಾನ ತಗೊಂಡೆ."

ಹಾಗಾದರೆ ತೀರ್ಪು ಹೇಳುವವಳು ಇಸ್ಬೇಲ ಎಂದ ಜಾಕಿ ಮಾಮಾ. ಗಂಡನನ್ನು ಕಳೆದುಕೊಂಡವಳು ಒಪ್ಪಿದರೆ ಇವನಿಗೆ ಜೋಡಿ ಹುಡುಕುತ್ತೇನೆ, ಒಪ್ಪದಿದ್ದರೆ ಈಸ್ಟರ್ ಹಬ್ಬದೊಳಗೆ ಇವನು ಕ್ಯಾಂಪು ಬಿಡಬೇಕು. ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಒಪ್ಪುವುದಿಲ್ಲ ಎಂದೆ. ಸಿಟ್ಟಿನಿಂದ ಅಂದದ್ದಲ್ಲ, ಹೆದರಿಕೆಯಿಂದ. ಅವನು ಕಣ್ಣೆದುರಿಗೆ ಇದ್ದರೆ ನನ್ನ ಬಾಟಲಿಯೂ ಕಣ್ಣೆದುರಿಗೆ ಇರುತ್ತದಲ್ಲ.

ಹಬ್ಬದವರೆಗೆ ಅವನು ಹುಣಸೆ ಮರದ ಕೆಳಗೇ ಉಳಿದ. ಗಂಡಸರು ಮಾತಾಡಿಸಲಿಲ್ಲ. ಗರಗಸಕ್ಕೆ ಅರ ಹಾಕಿ ಹಲ್ಲು ಚೂಪು ಮಾಡುವ ಹುಸೇನಸಾಬ ಮಾತ್ರ ಒಮ್ಮೊಮ್ಮೆ ಬೀಡಿ ಎಸೆಯುತ್ತಿದ್ದ, ಅದೂ ನಾಯಿಗೆ ಎಸೆದಂತೆ. ಮಧ್ಯಾಹ್ನ ನಾನು ಒಣಗಿಸಿಟ್ಟ ಮುತ್ತುಗದ ಎಲೆ ಹಾಕಿ ಎಲ್ಲರಿಗೂ ಬಡಿಸುತ್ತಿದ್ದೆ. ಮೊದಲ ದಿನ ಇನಾಸ ಸಾಲಿನ ತುದಿಯಲ್ಲಿ ಬಂದು ಕುಳಿತ. ನಾನು ಅವನ ಪಕ್ಕದವನವರೆಗೆ ಬಡಿಸಿ ಪಾತ್ರೆ ಎತ್ತಿಕೊಂಡು ಹಿಂತಿರುಗಿದೆ. ಅವನು ಸ್ವಲ್ಪ ಹೊತ್ತು ಬರಿ ನೆಲ ನೋಡುತ್ತಾ ಕುಳಿತು ಎದ್ದು ಹೋದ. ಮರುದಿನದಿಂದ ಸಾಲಿಗೆ ಬರಲಿಲ್ಲ. ಕಾಡಿನಲ್ಲಿ ಏನು ಸಿಕ್ಕಿತೋ ಅದನ್ನು ತಿನ್ನುತ್ತಿದ್ದ. ಭಾನುವಾರ ಇಗರ್ಜಿಯ ಹೊರಗೆ ಮೊಣಕಾಲೂರಿ, ಒಳಗೆ ನಾವು ಪಾಪ ಒಪ್ಪಿಕೊಳ್ಳುವ ಜಪದಲ್ಲಿ ಎದೆ ಬಡಿದುಕೊಂಡಾಗ ಅವನೂ ಬಡಿದುಕೊಳ್ಳುತ್ತಿದ್ದ. ಹುಲ್ಲಿನ ಗೋಡೆ, ಅವನ ಮುಷ್ಟಿಯ ಸದ್ದು ಒಳಗೆ ನನಗೆ ಕೇಳುತ್ತಿತ್ತು. ಹೊರಗೆ ಹಾಕಿದ್ದು ಅವನನ್ನು, ಒಳಗೆ ಕೂರಲಾಗದಿದ್ದದ್ದು ನನಗೆ.

ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. 'ವೈನಿ ಕೊಟ್ಟಳು, ಬೇಡವೆಂದರೂ ಕೇಳಲಿಲ್ಲ' ಎಂದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ನಾಲ್ಕು ತಿಂಗಳು ಹೇಳಲಿಲ್ಲ, ಹಸಿದಾಗಲೂ ಹೇಳಲಿಲ್ಲ. ನನ್ನ ಪಾಲಿನದನ್ನೂ ತನ್ನ ತಲೆಯ ಮೇಲೆ ಹೊತ್ತು ಕುಳಿತಿದ್ದ. ಇದು ತಿಳಿದ ಮೇಲೆ ನನ್ನ ಅಡುಗೆಗೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು, ಯಾರೂ ಏನೂ ಅನ್ನಲಿಲ್ಲ. ಗಂಡ ಸತ್ತವಳು ಎಂದು ಎಲ್ಲರೂ ಸಹಿಸುತ್ತಿದ್ದರು. ಆ ಮರುಕವನ್ನು ತಿನ್ನುತ್ತಾ ತಿನ್ನುತ್ತಾ ನನಗೆ ಹೇಸಿಗೆಯಾಯಿತು.

ತಿಂಗಳಿಗೊಮ್ಮೆ ಹಳಿಯಾಳದಿಂದ ಎತ್ತಿನ ಗಾಡಿಯಲ್ಲಿ ಪಾದ್ರಿಗಳು ಬರುತ್ತಿದ್ದರು. ಗೋವೆಯವರು, ವಯಸ್ಸಾಗಿತ್ತು, ಕಿವಿ ಸ್ವಲ್ಪ ಮಂದ. ಕುಮ್ಸಾರಕ್ಕೆ ಕುಳಿತಾಗ ನಮ್ಮ ಪಾಪ ಅರ್ಧ ಕ್ಯಾಂಪಿಗೆ ಕೇಳುವ ಹಾಗೆ ಹೇಳಬೇಕಾಗುತ್ತಿತ್ತು ಎಂದು ಹೆಂಗಸರು ನಗುತ್ತಿದ್ದರು. ಆ ಸಲ ನಾನು ಅವರನ್ನು ಹೊಳೆಯ ಕಡೆಗೆ ಕರೆದುಕೊಂಡು ಹೋಗಿ ಮೊಣಕಾಲೂರಿ ಎಲ್ಲವನ್ನೂ ಹೇಳಿದೆ. ಬಾಟಲಿ, ಆಣೆ, ಆಡಿದ ಮಾತು, ಬಡಿಸದ ಎಲೆ. ಅವರು ತಲೆಯ ಮೇಲೆ ಕೈಯಿಟ್ಟು ದೇವರ ಕ್ಷಮೆ ಕೊಟ್ಟರು. ಬಹಳ ಹೊತ್ತು ಅತ್ತೆ. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಎದೆಯೊಳಗಿನ ಕಲ್ಲು ನಿಜವಾಗಿಯೂ ಸರಿಯಿತು, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಇಷ್ಟು ದೊಡ್ಡದನ್ನು ದೇವರು ಇಷ್ಟು ಬೇಗ ಕ್ಷಮಿಸುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಕೈಯಲ್ಲಿ ಆ ಅಧಿಕಾರ ಇದ್ದಿದ್ದರೆ ಒಂದು ವರ್ಷವಾದರೂ ಕಾಯಿಸುತ್ತಿದ್ದೆ.

ಇನ್ನು ಇನಾಸನ ವಿಷಯ ನೀವೇ ಜಾಕಿ ಮಾಮಾನಿಗೆ ಹೇಳಿ ಎಂದು ಪಾದ್ರಿಗಳನ್ನು ಕೇಳಿಕೊಂಡೆ. ಕುಮ್ಸಾರದ ಮಾತು ತಮ್ಮ ಬಾಯಿಂದ ಹೊರಗೆ ಬರುವಂತಿಲ್ಲ ಎಂದು ಅವರು ತಲೆಯಾಡಿಸಿದರು. ಆಮೇಲೆ ಕೊಂಕಣಿಯಲ್ಲಿ ಒಂದು ಮಾತು ಹೇಳಿದರು. ಕನ್ನಡಕ್ಕೆ ತಂದರೆ ಹೀಗೆ: "ಮಗಳೇ, ಬಾವಿಗೆ ಬಿದ್ದ ನಿನ್ನನ್ನು ದೇವರು ಹಗ್ಗ ಬಿಟ್ಟು ಮೇಲೆತ್ತಿದ್ದಾನೆ. ಮೇಲೆ ಬಂದವಳು ಆ ಹಗ್ಗ ಸುತ್ತಿಕೊಂಡು ಮನೆಗೆ ಹೋಗಬೇಡ. ಒಳಗೆ ಇನ್ನೊಬ್ಬನಿದ್ದಾನೆ."

ಆ ಭಾನುವಾರ ಜಪ ಮುಗಿದ ಮೇಲೆ ನಾನು ಎದ್ದು ನಿಂತೆ. ಹೆಂಗಸರು ಇಗರ್ಜಿಯಲ್ಲಿ ಎದ್ದು ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಪದ್ಧತಿಗಳಿಂದ ಆದದ್ದು ಸಾಕಾಗಿತ್ತು ನನಗೆ. ಸಾರಾಯಿ ಕೊಟ್ಟವಳು ನಾನು, ಆಣೆ ಗೊತ್ತಿದ್ದೂ ಹಂಗಿಸಿ ಕುಡಿಸಿದವಳು ನಾನು, ನಾನು ಒಪ್ಪುತ್ತೇನೆ, ಇನಾಸನನ್ನು ಒಳಗೆ ಕರೆಯಿರಿ ಎಂದೆ.

ಬೈಯುತ್ತಾರೆ, ಉಗಿಯುತ್ತಾರೆ ಎಂದು ಸಿದ್ಧಳಾಗಿದ್ದೆ. ಆದದ್ದು ಅದಕ್ಕಿಂತ ಕೆಟ್ಟದ್ದು, ಯಾರೂ ನಂಬಲಿಲ್ಲ. ಪಾದ್ರಿಗಳ ಉಪದೇಶ ಕೇಳಿ ಕರಗಿದ್ದಾಳೆ, ಅವನನ್ನು ಉಳಿಸಲು ತಪ್ಪನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದಾಳೆ ಎಂದರು. ಒಬ್ಬಳು ನನ್ನ, ಅವನ ಹೆಸರು ಸೇರಿಸಿ ಇನ್ನೇನೋ ಹೇಳಿ ಬಾಯಿಗೆ ಸೆರಗು ಹಿಡಿದಳು. ಜಾಕಿ ಮಾಮಾ ಕಣ್ಣು ಕೆಂಪಗೆ ಮಾಡಿ ನನ್ನನ್ನೇ ನೋಡಿದ. ವಿಧವೆ ಒಪ್ಪಿದ್ದಾಳೆ, ಇವನಿಗೆ ಜೋಡಿಯಾಗುವವರು ಯಾರಾದರೂ ಇದ್ದಾರೆಯೇ ಎಂದು ಮಾತಿಗೆ ಕೇಳಿದ. ಒಬ್ಬನೂ ಕೈ ಎತ್ತಲಿಲ್ಲ. ಕೆಳಗೇ ಇರುತ್ತೇನೆ ಎಂದವನೂ ಒಂದು ದಿನ ಮೇಲೆ ಹತ್ತಲೇಬೇಕು, ಕ್ಷಮಿಸುವುದು ಬೇರೆ, ಅವನ ಬೆಣೆಯ ಕೆಳಗೆ ನಿಲ್ಲುವುದು ಬೇರೆ ಎಂದು ಒಬ್ಬ ಹೇಳಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊರಗೆ ಇನಾಸ ಎಲ್ಲ ಕೇಳಿಸಿಕೊಂಡು ಎದ್ದು ತನ್ನ ಗಂಟು ಕಟ್ಟತೊಡಗಿದ. ಈಸ್ಟರಿಗೆ ಇನ್ನೊಂದೇ ವಾರ ಉಳಿದಿತ್ತು.

ಸೋಮವಾರ ಬೆಳಿಗ್ಗೆ ಗಂಜಿಯ ಕೆಲಸ ಮುಗಿಸಿ, ಮಗಳನ್ನು ಪಕ್ಕದ ಗುಡಿಸಲಿನಲ್ಲಿ ಬಿಟ್ಟು, ಸಾಂತಾನನ ಗರಗಸ ಹೊತ್ತುಕೊಂಡು ಆ ಕುಳಿಗೆ ಹೋದೆ. ಸುತ್ತು ಹಾಕಲಿಲ್ಲ, ನೇರ ಹೋದೆ. ಇಳಿಯಲು ಕಡಿದಿದ್ದ ಮೆಟ್ಟಿಲು ನಾಲ್ಕು ತಿಂಗಳಲ್ಲಿ ಕುಸಿದಿದ್ದವು. ಗರಗಸ ಮೇಲೇ ಇಟ್ಟು ಜಾರಿಕೊಂಡೇ ಇಳಿದೆ. ಕೆಳಗೆ ಒಣಗಿದ ಎಲೆ, ಹಳೆಯ ಹೊಟ್ಟು. ಸಾಂತಾನ ಕೊನೆಯ ಸಲ ನಿಂತ ಜಾಗ ಅದು. ಒಂದು ಕ್ಷಣ ಹತ್ತಿ ಓಡಿಬಿಡೋಣ ಎನಿಸಿತು. ಮೇಲೆ ಆ ದಿಮ್ಮಿಯ ಹೊಟ್ಟೆ ಕಾಣುತ್ತಿತ್ತು. ಅಲ್ಲಿಂದಲೇ ಇನಾಸನನ್ನು ಹೆಸರು ಹಿಡಿದು ಕೂಗಿದೆ.

ಅವನು ಬಂದು ಬಗ್ಗಿ ನೋಡಿ ಬೆಪ್ಪಾದ. "ವೈನಿ, ಮ್ಯಾಲ ಬರ್ರಿ. ಇಳಿಯೂದಿದ್ರ ನಾ ಇಳೀತೇನಿ."

"ಮ್ಯಾಲ ನಿಂತು ತಪ್ಪಿದಿ. ಮ್ಯಾಲ ನಿಂತ ಸರಿ ಮಾಡಬೇಕು," ಎಂದೆ. "ಬೆಣಿ ಹೊಡಿ."

"ನನ್ನ ಕೈಲೆ ಆಗೂದಿಲ್ರಿ."

"ನಿನ್ನ ಕೈಲೆ ಕುಡಿಸಾಕ ನನಗ ಆಗಿತ್ತಲ್ಲ, ಈಗ ಹೊಡಸಾಕೂ ಆಗತೈತಿ. ಹೊಡಿ."

ಅವನು ಅಳುತ್ತಲೇ ಬೆಣೆ ಹೊಡೆದ. ಈ ಬದಿ ಹೊಡೆದ, ಆ ಬದಿ ಹೊಡೆದ, ಸುತ್ತಿ ಬಂದು ಮತ್ತೆ ಹೊಡೆದ, ಕಾಲಿನಿಂದ ಒದ್ದು ನೋಡಿದ. ಮೂರು ಸಲ ನೋಡಿದ ಮೇಲೆ ದಿಮ್ಮಿ ಹತ್ತಿದ. ಹಳೆಯ ಸೀಳಿನಲ್ಲೇ ಗರಗಸ ಇಳಿಸಿದ. ನಾನು ಕೆಳಗಿನ ಹಿಡಿ ಹಿಡಿದು ಎಳೆದೆ.

ನೋಡಿದ ಕೆಲಸ ಬೇರೆ, ಮಾಡಿದ ಕೆಲಸ ಬೇರೆ. ಹತ್ತು ಎಳೆತಕ್ಕೆ ಹೆಗಲು ಬಿದ್ದುಹೋಯಿತು. ಹೊಟ್ಟು ಕಣ್ಣಿಗೆ, ಮೂಗಿಗೆ, ರವಿಕೆಯೊಳಗೆ. ದಿನವೂ ಇದನ್ನು ಉಗುಳುತ್ತಾ ಮನೆಗೆ ಬರುತ್ತಿದ್ದ ಗಂಡನಿಗೆ ತಲೆ ಕೊಡವಿ ಒಳಗೆ ಬಾ ಎಂದು ನಾನು ಗದರಿಸುತ್ತಿದ್ದೆ. ಗರಗಸಕ್ಕೆ ತುಕ್ಕು ಹಿಡಿದಿತ್ತು, ಎರಡು ಎಳೆತಕ್ಕೊಮ್ಮೆ ಕಿರ್ರೆಂದು ಕಚ್ಚಿಕೊಳ್ಳುತ್ತಿತ್ತು. ಪ್ರತಿ ಸಲ ಇನಾಸ ಗಾಬರಿಯಾಗಿ ಬೆಣೆ ಮುಟ್ಟಿ ನೋಡುತ್ತಿದ್ದ. ನಾನು ತಲೆ ಎತ್ತದೆ ಎಳೆಯುತ್ತಿದ್ದೆ. ಅವನ ಬೆಣೆಯ ಕೆಳಗೆ ನಿಲ್ಲುವವರು ಇಲ್ಲವಂತೆ, ಇಗೋ ಇದ್ದೇನೆ ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಳ್ಳುತ್ತಿದ್ದೆ.

ಮೊಂಡು ಗರಗಸದ ಕಿರುಚಾಟ ಎಲ್ಲರಿಗಿಂತ ಮೊದಲು ಹುಸೇನಸಾಬನ ಕಿವಿಗೆ ಬಿತ್ತು. ಯಾವ ಜನ್ಮದ ವೈರಿ ಈ ಗರಗಸ ಹಾಳುಮಾಡುತ್ತಿದ್ದಾನೆ ಎಂದು ಬೈದುಕೊಳ್ಳುತ್ತಾ ಬಂದವನು ಕುಳಿಯೊಳಗೆ ನನ್ನನ್ನು ಕಂಡು ಬಾಯಿ ಮುಚ್ಚಿದ. ಇನಾಸನ ಕೈಯಿಂದ ಗರಗಸ ಕಸಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತು ಅರ ಹಾಕತೊಡಗಿದ. ಒಂದೊಂದೇ ಹಲ್ಲು ತಿಕ್ಕಿ ಬಾಯಿಂದ ಊದಿ ಮತ್ತೆ ಅವನ ಕೈಗೇ ಕೊಟ್ಟ. "ಈಗ ನಡಸು. ಇಲ್ಲಂದ್ರ ಬೇಟಿ ತೋಳು ಮುರಿದೀತು," ಎಂದ, ನಾನು ಅವನ ಮಗಳೇ ಎನ್ನುವಂತೆ.

ಅಷ್ಟರಲ್ಲಿ ಅರ್ಧ ಕ್ಯಾಂಪು ಬಂದು ಸುತ್ತ ನಿಂತಿತ್ತು. ಜಾಕಿ ಮಾಮಾ ಜನರನ್ನು ಸರಿಸಿಕೊಂಡು ಮುಂದೆ ಬಂದ. ಕೊಂದ ದಿಮ್ಮಿ ಕೊಯ್ಯುತ್ತೀಯಾ, ಮನೆತನದ ಮರ್ಯಾದೆ ತೆಗೆಯುತ್ತೀಯಾ, ಮೇಲೆ ಬಾ ಎಂದು ಗುಡುಗಿದ.

"ಯಾರರ ಕೆಳಗ ಬಂದ್ರ ಮ್ಯಾಲ ಬರ್ತೇನಿ, ಮಾಮಾ," ಎಂದೆ. "ಇಲ್ಲಂದ್ರ ದಿಮ್ಮಿ ಮುಗಿಯೂತನಕ ಇಲ್ಲೇ ಇರ್ತೇನಿ. ದೇವರು ಇಂವಗ ಯಾವಾಗ ಕ್ಷಮಾ ಮಾಡ್ಯಾನೋ ಏನೋ. ನಾವಷ್ಟ ಪಂಚಾಯ್ತಿ ಮಾಡಕೋಂತ ಕುಂತೇವಿ."

ಇನಾಸ ದಿಮ್ಮಿಯ ಮೇಲೆ ತಲೆ ತಗ್ಗಿಸಿ ನಿಂತಿದ್ದ. ನಾನು ಹಿಡಿಗೆ ಕೈ ಹಾಕಿ ಮತ್ತೆ ಎಳೆಯಲು ಹೊರಟೆ. ಆಗ ಜಾಕಿ ಮಾಮಾ ತಲೆಯ ರುಮಾಲು ಬಿಚ್ಚಿ ಮೂಗು ಬಾಯಿಗೆ ಕಟ್ಟಿಕೊಂಡ, ಕುಳಿಯ ಅಂಚಿನಲ್ಲಿ ಕುಳಿತ, ದಪ್ಪೆಂದು ಕೆಳಗಿಳಿದ. ಅರವತ್ತು ದಾಟಿದವನು, ಮುಕಾದಮನಾದ ಮೇಲೆ ಕುಳಿಗೆ ಇಳಿದವನೇ ಅಲ್ಲ. ಸಾಂತಾನನ ಜಾಗದಲ್ಲಿ ನಿಂತು ಆ ಹಳೆಯ ಹೊಟ್ಟನ್ನು ನೋಡಿದ. ರುಮಾಲಿನ ಹಿಂದಿನಿಂದ ಅವನ ಮಾತು ನನಗಷ್ಟೇ ಕೇಳಿಸಿತು.

"ಅವತ್ತು ಆ ಬಾಟಲಿ ನಾನೂ ನೋಡಿದ್ದೆ, ಮಗಳ. ಕೆಲಸ ಹಿಂದ ಬಿದ್ದೈತಿ ಅಂತ ಬ್ಯಾಡ ಅನ್ನಲಿಲ್ಲ."

ಹೀಗೆ ಹೇಳಿ ಅವನು ನನ್ನ ಕೈಯಿಂದ ಹಿಡಿ ತೆಗೆದುಕೊಂಡ. ನಾನು ಅವನ ಕಾಲು ಮುಟ್ಟಿದೆ, ಈ ಸಲ ಅವನು ಹಿಂದೆ ತೆಗೆದುಕೊಳ್ಳಲಿಲ್ಲ.

ಮೇಲೆ ಹತ್ತಲು ಮೆಟ್ಟಿಲಿರಲಿಲ್ಲ. ಎರಡು ಸಲ ಕಾಲು ಜಾರಿತು. ಇನಾಸ ದಿಮ್ಮಿಯ ಮೇಲೆ ಬೋರಲು ಮಲಗಿ ಕೈ ಚಾಚಿದ. ಸಾಂತಾನನ ಪಾಲಿಗೆ ತಪ್ಪಿದ ಕೈ ಅದು, ನಾನೇ ಬಾಟಲಿ ಹಿಡಿಸಿದ ಕೈ ಅದು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮೇಲೆ ಬಂದೆ.

ಒಲೆಯ ಹತ್ತಿರ ಹೋದಾಗ ಹೊತ್ತು ಮೀರಿತ್ತು. ಗಡಿಬಿಡಿಯಲ್ಲಿ ಅನ್ನ ಬಸಿದು ಸಾರು ಮಾಡಿದೆ. ಮಧ್ಯಾಹ್ನ ಎಲ್ಲರೂ ಸಾಲಾಗಿ ಕುಳಿತರು. ಇನಾಸ ಹುಣಸೆ ಮರದ ಕಡೆ ಹೊರಟಿದ್ದ. ಅವನನ್ನು ಕರೆದು ಜಾಕಿ ಮಾಮಾನ ಪಕ್ಕದಲ್ಲಿ ಕೂರಿಸಿ ಮೊದಲ ಎಲೆ ಅವನ ಮುಂದೆ ಹಾಕಿದೆ. ಬಡಿಸಲು ಬಗ್ಗಿದಾಗ ನನ್ನ ತಲೆಯಿಂದ ಆ ದಿಮ್ಮಿಯ ಹೊಟ್ಟು ಅವನ ಅನ್ನದ ಮೇಲೆ ಉದುರಿತು. ಅವನು ಎಲೆಯನ್ನೇ ನೋಡುತ್ತಾ ಕುಳಿತುಬಿಟ್ಟ, ಕೈ ಏಳಲಿಲ್ಲ.

"ಉಣ್ಣು," ಎಂದೆ ನಾನು. "ಮಧ್ಯಾಹ್ನದ ಮ್ಯಾಲ ಬೆಣಿ ಗಟ್ಟಿ ಹೊಡೀಬೇಕು. ಕೆಳಗ ಮಾಮಾ ಇರ್ತಾನ."